ವೇಷದ ಬಣ್ಣವೂ ಮುಖದ ಮೂಳೆಯೂ

ಕಾಲೇಜುಗಳ ವಾರ್ಷಿಕೋತ್ಸವದಲ್ಲಿ ನಾಟಕವಿಲ್ಲದಿರುವುದು ಅಪರೂಪ. ಆ ನಾಟಕದಲ್ಲಿ ಮುದುಕನ ಪಾತ್ರವೊಂದು ಇಲ್ಲದಿರುವುದು ಇನ್ನೂ ಅಪರೂಪ. ಹತ್ತೊಂಬತ್ತು ವರ್ಷದ ಹುಡುಗನನ್ನು ಎಪ್ಪತ್ತು ವರ್ಷದ ಅಜ್ಜನನ್ನಾಗಿ ಮಾಡಬೇಕಾದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟೆ: ಹತ್ತಿಯ ಗಡ್ಡ, ತಲೆಗೂದಲಿಗೆ ಒಂದಿಷ್ಟು ಪೌಡರು, ಹಣೆಯ ಮೇಲೆ ಕಪ್ಪು ಪೆನ್ಸಿಲಿನಿಂದ ಮೂರು ಅಡ್ಡಗೆರೆ, ಕೆನ್ನೆಗಳ ಮೇಲೆ ಎರಡೆರಡು ಓರೆಗೆರೆ. ಮೊದಲನೆಯ ಸಾಲಿನಲ್ಲಿ ಕುಳಿತವರಿಗೆ ಆತನು ಮುಖಕ್ಕೆ ಗೀರು ಹಾಕಿಕೊಂಡ ಹುಡುಗನಂತೆ ತೋರುತ್ತಾನೆ. ಕೊನೆಯ ಸಾಲಿನವರಿಗೆ ಗೆರೆಗಳು ಕಾಣುವುದೇ ಇಲ್ಲ. ಅವರ ಪಾಲಿಗೆ ಆತನು ಗಡ್ಡ ಅಂಟಿಸಿಕೊಂಡ ಹುಡುಗ. ಅಜ್ಜನು ಮಾತ್ರ ಯಾರಿಗೂ ಕಾಣಸಿಗುವುದಿಲ್ಲ.

ಇದಕ್ಕೆ ಕಾರಣ ಬಣ್ಣದ ಕೊರತೆಯಲ್ಲ. ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳಲ್ಲಿ ಇಂದು ಬ್ಯೂಟಿ ಪಾರ್ಲರ್ ಇಲ್ಲದ ಬೀದಿಯನ್ನು ಹುಡುಕಬೇಕು. ಮೇಕಪ್ ಕಲಿಸುವ ತರಗತಿಗಳೂ ಅಲ್ಲಲ್ಲಿ ನಡೆಯುತ್ತಿವೆ. ಎಷ್ಟೋ ತರುಣ ತರುಣಿಯರು ಇದನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳುತ್ತಿದ್ದಾರೆ. ಅವರ ಪೆಟ್ಟಿಗೆಯಲ್ಲಿ ನೂರು ಬಗೆಯ ಬಣ್ಣಗಳುಂಟು. ಆದರೆ ಬಣ್ಣ ಬಳಿಯುವ ಕುಂಚಕ್ಕಿಂತ ಮೊದಲು ಚಿತ್ರ ಬರೆಯುವ ಪೆನ್ಸಿಲನ್ನೂ, ಮುಖದ ತೊಗಲಿಗಿಂತ ಮೊದಲು ಅದರ ಕೆಳಗಿರುವ ಮೂಳೆಯನ್ನೂ ಅರಿತಿರಬೇಕೆಂಬುದನ್ನು ಕಲಿಸುವವರು ಕಡಮೆ. ಭೌತಶಾಸ್ತ್ರದ ಪಾಠ ಹೇಳುವವರಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಮುಖವು ನಮಗೆ ಕಾಣುವುದು ಬೆಳಕಿನಿಂದಲ್ಲವೆ? ಆ ಬೆಳಕಿನ ದಾರಿಯಿಂದಲೇ ನಾವು ಈ ವಿಷಯವನ್ನು ಪ್ರವೇಶಿಸೋಣ.

ಕತ್ತಲೆಯ ಕೋಣೆಯಲ್ಲಿ ಒಂದು ಬಿಳಿಯ ಟೇಬಲ್ ಟೆನಿಸ್ ಚೆಂಡನ್ನಿರಿಸಿ, ದೂರದಿಂದ ಒಂದೇ ದೀಪದ ಬೆಳಕು ಅದರ ಮೇಲೆ ಬೀಳುವಂತೆ ಮಾಡಿರಿ. ಚೆಂಡಿನ ಬಣ್ಣ ಎಲ್ಲೆಲ್ಲಿಯೂ ಒಂದೇ. ಆದರೂ ದೀಪಕ್ಕೆ ನೇರವಾಗಿ ಎದುರಾಗಿರುವ ಭಾಗ ಬೆಳ್ಳಗೂ, ಪಕ್ಕಕ್ಕೆ ತಿರುಗಿರುವ ಭಾಗ ಕಂದಾಗಿಯೂ ಕಾಣುತ್ತವೆ. ಜರ್ಮನ್ ವಿದ್ವಾಂಸನಾದ ಲ್ಯಾಂಬರ್ಟನು 1760ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದರ ನಿಯಮವನ್ನು ಕೊಟ್ಟಿದ್ದಾನೆ. ಮೇಲ್ಮೈಗೆ ಎಳೆದ ಲಂಬಕ್ಕೂ ಬೆಳಕಿನ ಕಿರಣಕ್ಕೂ ನಡುವೆ ಇರುವ ಕೋನದ ಕೋಸೈನಿಗೆ ಅನುಗುಣವಾಗಿ ಆ ಮೇಲ್ಮೈ ಬೆಳಗುತ್ತದೆ. ಕೋನವು ಸೊನ್ನೆಯಾದಾಗ ಬೆಳಕು 100 ಪಾಲು ಇದ್ದರೆ 30 ಡಿಗ್ರಿಯಲ್ಲಿ ಅದು ಸುಮಾರು 87, 60 ಡಿಗ್ರಿಯಲ್ಲಿ 50, 75 ಡಿಗ್ರಿಯಲ್ಲಿ ಸುಮಾರು 26, 90 ಡಿಗ್ರಿಯಲ್ಲಿ ಸೊನ್ನೆ.

ಈ ಸಂಖ್ಯೆಗಳನ್ನು ಸ್ವಲ್ಪ ನಿಂತು ನೋಡಬೇಕು. ಮೊದಲ 30 ಡಿಗ್ರಿಗಳಲ್ಲಿ ಬೆಳಕು ಕುಗ್ಗಿದ್ದು ಕೇವಲ 13 ಪಾಲು. ಕೊನೆಯ 30 ಡಿಗ್ರಿಗಳಲ್ಲಿ ಕುಗ್ಗಿದ್ದು 50 ಪಾಲು. ಎಂದರೆ ಉಬ್ಬಿದ ವಸ್ತುವಿನ ನೆತ್ತಿಯ ಸುತ್ತ ಛಾಯೆಯು ಬಹು ನಿಧಾನವಾಗಿ ಬದಲಾಗಿ, ಅಂಚನ್ನು ಸಮೀಪಿಸುತ್ತಲೇ ಸರಸರನೆ ಕಪ್ಪಾಗುತ್ತದೆ. ಚಿತ್ರಕಲೆಯನ್ನು ಹೊಸದಾಗಿ ಕಲಿಯುವವನು ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಸಮನಾಗಿ ಛಾಯೆ ತುಂಬುತ್ತಾನೆ. ಆದ್ದರಿಂದಲೇ ಅವನು ಬರೆದ ಚೆಂಡು ಚೆಂಡಾಗದೆ ಬಿಲ್ಲೆಯಾಗುತ್ತದೆ. ಹತ್ತು ಚೆಂಡುಗಳ ಚಿತ್ರ ಬರೆದ ಕೈಗೆ ಈ ನಿಯಮ ಸೂತ್ರವಿಲ್ಲದೆಯೇ ಬರುತ್ತದೆ. ಛಾಯೆಯಿಂದ ಉಬ್ಬುತಗ್ಗು ತೋರಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗವು ಇದನ್ನು ‘ವರ್ತನೆ’ ಎಂದು ಕರೆದು ಮೂರು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದಾದ ‘ಬಿಂದುಜ’ವು ಚುಕ್ಕೆಗಳಿಂದ ಛಾಯೆ ತರುವ ಕ್ರಮ.

ಪ್ರಸಾಧಕನಿಗೆ ಇದರಿಂದಾಗುವ ಉಪಯೋಗವೇನು? ಮುಖದ ಒಂದು ಭಾಗದಿಂದ ನಮ್ಮ ಕಣ್ಣಿಗೆ ಬರುವ ಬೆಳಕು ಎರಡು ಸಂಖ್ಯೆಗಳ ಗುಣಲಬ್ಧ: ಆ ಭಾಗದ ಮೇಲೆ ಬಿದ್ದ ಬೆಳಕು ಒಂದು, ಅದರಲ್ಲಿ ಎಷ್ಟು ಪಾಲನ್ನು ತೊಗಲು ಹಿಂದಿರುಗಿಸುತ್ತದೆಂಬುದು ಇನ್ನೊಂದು. ಕಣ್ಣಿಗೆ ದೊರೆಯುವುದು ಗುಣಲಬ್ಧ ಮಾತ್ರ, ಅಪವರ್ತನಗಳು ದೊರೆಯುವುದಿಲ್ಲ. ಕೆನ್ನೆಯ ಒಂದು ಭಾಗ ಕಂದಾಗಿ ಕಂಡರೆ ಅದು ಬೆಳಕಿನಿಂದ ಓರೆಯಾಗಿ ತಿರುಗಿದೆಯೋ ಅಥವಾ ಅಲ್ಲಿ ಬಣ್ಣವೇ ಕಂದೋ ಎಂಬುದನ್ನು ದೂರದಿಂದ ನಿರ್ಧರಿಸುವುದು ಕಷ್ಟ. ಚಪ್ಪಟೆಯಾದ ಕೆನ್ನೆಗೆ ಅರ್ಧದಷ್ಟೇ ಬೆಳಕನ್ನು ಹಿಂದಿರುಗಿಸುವ ಬಣ್ಣ ಹಚ್ಚಿದರೆ ಅದು 60 ಡಿಗ್ರಿ ಒಳಕ್ಕೆ ವಾಲಿದಂತೆ ತೋರಬಲ್ಲುದು. ಪ್ರಸಾಧನದ ಮಾಯೆಯೆಲ್ಲ ಈ ಸಂದಿಗ್ಧದಲ್ಲಿ ಅಡಗಿದೆ. ಇದು ನಡೆಯುವುದೂ ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಮಿದುಳು ಮೊದಲೇ ನಂಬಿರುವುದರಿಂದ. ಚಂದ್ರನ ಕುಳಿಗಳ ಚಿತ್ರವನ್ನು ತಲೆಕೆಳಗು ಮಾಡಿದರೆ ಕುಳಿಗಳು ಗುಡ್ಡಗಳಾಗುವುದನ್ನು ನೋಡಿ. ಹಿಂದೆ ನಾಟಕ ಕಂಪೆನಿಗಳ ರಂಗದ ಅಂಚಿನಲ್ಲಿ, ನಟರ ಕಾಲಬಳಿ, ಸಾಲುದೀಪಗಳಿರುತ್ತಿದ್ದುವು. ಕೆಳಗಿನಿಂದ ಬಂದ ಆ ಬೆಳಕು ಸಹಜವಾದ ನೆರಳುಗಳನ್ನೆಲ್ಲ ಮೇಲುಕೆಳಗು ಮಾಡುತ್ತಿದ್ದುದರಿಂದ ಅಂದಿನವರು ಬಣ್ಣವನ್ನು ಅಷ್ಟು ಗಾಢವಾಗಿ ಹಚ್ಚಬೇಕಾಗುತ್ತಿತ್ತು. ಅವರನ್ನು ಅರಸಿಕರೆನ್ನುವುದು ತಪ್ಪು.

ಛಾಯೆ ಹೇಗೆಂಬುದು ತಿಳಿಯಿತು. ಎಲ್ಲಿ ಎಂಬುದು ಉಳಿಯಿತು. ಇದಕ್ಕೆ ಉತ್ತರ ತಲೆಬುರುಡೆಯಲ್ಲಿದೆ. ವಾಚಕರು ಈಗಲೇ ತಮ್ಮ ಬೆರಳುಗಳಿಂದ ಮುಖವನ್ನು ಒತ್ತಿ ನೋಡಬಹುದು. ಹುಬ್ಬಿನ ಕೆಳಗೆ ಗಟ್ಟಿಯಾದ ಏಣು ಸಿಕ್ಕುತ್ತದೆ. ಅದು ಕಣ್ಣುಗೂಡಿನ ಮೇಲಂಚು. ಹುಬ್ಬಿನ ಹೊರತುದಿಯಿಂದ ಹಿಂದಕ್ಕೆ ಹೋದರೆ ಕಪೋಲದ ಮೇಲುಭಾಗದಲ್ಲಿ, ಕಣತಲೆಯ ಬಳಿ, ಒಂದು ತಗ್ಗು. ಕಿವಿಯ ಮುಂದಿನಿಂದ ಕಣ್ಣಿನ ಕೆಳಗಿನವರೆಗೆ ಬಿಲ್ಲಿನಂತೆ ಬಾಗಿ ಬರುವುದು ಕೆನ್ನೆಮೂಳೆ. ಅದರ ಕೆಳಗೆ ಮೂಳೆಯಿಲ್ಲದ ಪೊಳ್ಳು. ಇಲ್ಲಿ ತೊಗಲಿಗೆ ಆಸರೆ ಕೊಬ್ಬು ಮತ್ತು ಹಲ್ಲುಗಳು ಮಾತ್ರ. ಕೊನೆಗೆ ಕಿವಿಯ ಕೆಳಗೆ ಕೆಳದವಡೆಯ ಮೂಲೆ, ಅಲ್ಲಿಂದ ಗಲ್ಲದವರೆಗೆ ಅದರ ಅಂಚು. ಮುಪ್ಪು ಬಂದಾಗ ಕೊಬ್ಬು ಕರಗಿ ತೊಗಲು ಜಾರುತ್ತದೆ, ಕಣತಲೆಯ ತಗ್ಗೂ ಕೆನ್ನೆಯ ಪೊಳ್ಳೂ ಆಳವಾಗುತ್ತವೆ, ಕಣ್ಣುಗೂಡು ಅಗಲವಾಗುತ್ತದೆ, ಹಲ್ಲು ಬಿದ್ದವರಲ್ಲಿ ಹಲ್ಲನ್ನು ಹಿಡಿದಿದ್ದ ಮೂಳೆಯೇ ಸವೆದು ಗಲ್ಲವು ಮೂಗಿನ ಕಡೆಗೆ ಬರುತ್ತದೆ. ಆದ್ದರಿಂದ ಹುಡುಗನನ್ನು ಅಜ್ಜನನ್ನಾಗಿ ಮಾಡಬೇಕಾದರೆ ಮೊದಲು ಹಚ್ಚಬೇಕಾದದ್ದು ಗೆರೆಗಳಲ್ಲ, ಈ ತಗ್ಗುಗಳಲ್ಲಿ ಕಂದು ಛಾಯೆ ಮತ್ತು ಮೂಳೆಯ ಏಣುಗಳ ಮೇಲೆ ತಿಳಿಬಣ್ಣ. ಅದೂ ಆ ಹುಡುಗನ ಮೂಳೆ ಎಲ್ಲಿದೆಯೋ ಅಲ್ಲಿ; ಪುಸ್ತಕದ ಚಿತ್ರದಲ್ಲಿ ಎಲ್ಲಿದೆಯೋ ಅಲ್ಲಲ್ಲ. ಇಟಲಿಯ ಲಿಯೊನಾರ್ಡೊ 1489ರಲ್ಲಿ ತಲೆಬುರುಡೆಗಳನ್ನು ಸೀಳಿ, ಒಳಹೊರಗುಗಳನ್ನು ಅಳೆದು ಬರೆದ ಚಿತ್ರಗಳು ಇಂದಿಗೂ ಉಳಿದಿವೆ. ಮುಖವನ್ನು ಬರೆಯಬೇಕಾದವನು ಬುರುಡೆಯಿಂದ ಆರಂಭಿಸಬೇಕೆಂಬುದು ಅಂದಿಗೇ ಆತನಿಗೆ ತಿಳಿದಿತ್ತು.

ಇನ್ನು ಗೆರೆಗಳ ವಿಚಾರ. ಕನ್ನಡಿಯ ಮುಂದೆ ನಿಂತು ಹುಬ್ಬುಗಳನ್ನು ಮೇಲೆತ್ತಿರಿ. ಹಣೆಯ ಸ್ನಾಯುವಿನ ಎಳೆಗಳು ಮೇಲಿನಿಂದ ಕೆಳಕ್ಕೆ ಹರಿಯುತ್ತವೆ; ಅದು ಸಂಕುಚಿಸಿದಾಗ ಮೂಡುವ ಮಡಿಕೆಗಳು ಅಡ್ಡಡ್ಡ. ಕಣ್ಣಿನ ಸುತ್ತಣ ಸ್ನಾಯು ಬಳೆಯಂತೆ ದುಂಡಾದುದು. ಅದರ ಮಡಿಕೆಗಳು ಕಣ್ಣಿನ ಹೊರತುದಿಯಿಂದ ಚಕ್ರದ ಅರಗಳಂತೆ ಹರಡುತ್ತವೆ. ಮುಖದ ಸ್ನಾಯುಗಳ ಒಂದು ತುದಿಯಾದರೂ ನೇರವಾಗಿ ತೊಗಲಿಗೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಕೈಕಾಲುಗಳ ಸ್ನಾಯುಗಳು ಹೀಗಿಲ್ಲ. ಮುಖದ ಸುಕ್ಕು ಸಾಮಾನ್ಯವಾಗಿ ಸ್ನಾಯುವಿನ ಎಳೆಗೆ ಅಡ್ಡಲಾಗಿ ಬೀಳುತ್ತದೆಂಬ ಇದೊಂದು ಮಾತನ್ನು ನೆನಪಿಟ್ಟರೆ ಕಾಲೇಜು ನಾಟಕದ ಅರ್ಧ ಅಜ್ಜಂದಿರು ಸರಿಹೋಗುತ್ತಾರೆ. ಗೆರೆ ಬರೆಯುವ ಮೊದಲು ನಟನಿಗೆ ನಗಲು, ಗಂಟುಮೋರೆ ಹಾಕಲು, ಹುಬ್ಬೇರಿಸಲು ಹೇಳಿದರೆ ಅವನ ಮುಖವೇ ಗೆರೆಯ ಜಾಗವನ್ನು ತೋರಿಸಿಕೊಡುತ್ತದೆ.

ಫ್ರಾನ್ಸಿನ ವೈದ್ಯ ದ್ಯುಶೆನ್ನನು ಮುಖದ ಒಂದೊಂದೇ ಸ್ನಾಯುವಿಗೆ ವಿದ್ಯುತ್ತನ್ನು ತಾಗಿಸಿ ಛಾಯಾಚಿತ್ರಗಳನ್ನು ತೆಗೆಸಿ, 1862ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ತುಟಿಯ ಕೊನೆಗಳನ್ನು ಎಳೆಯುವ ಸ್ನಾಯು ನಮ್ಮ ಇಚ್ಛೆಗೆ ಸುಲಭವಾಗಿ ಒಳಪಡುತ್ತದೆ. ಆದರೆ ಮನಸಾರೆ ನಕ್ಕಾಗ ಮಾತ್ರ ಕಣ್ಣಿನ ಸುತ್ತಣ ಸ್ನಾಯು ಅದರೊಡನೆ ಕೂಡುತ್ತದೆಂದು ಆತನು ಕಂಡುಕೊಂಡನು. ಬಾಳೆಲ್ಲ ನಕ್ಕವನ ಮುಪ್ಪು ಕಣ್ಣಿನ ಕೊನೆಯಲ್ಲಿಯೂ, ಬಾಳೆಲ್ಲ ಗದರಿಸಿದವನ ಮುಪ್ಪು ಹುಬ್ಬುಗಳ ನಡುವೆಯೂ ಮೊದಲು ಕಾಣಿಸಿಕೊಳ್ಳುವುದು ಸಹಜ. ಪಾತ್ರದ ಸ್ವಭಾವವನ್ನು ನಾಟಕಕಾರನಿಂದ ಕೇಳಿ ತಿಳಿದ ಮೇಲೆಯೇ ಪ್ರಸಾಧಕನು ಸುಕ್ಕನ್ನು ಬರೆಯಬೇಕು.

ಆದರೆ ಬಣ್ಣದ ಶಕ್ತಿಗೂ ಒಂದು ಎಲ್ಲೆಯುಂಟು. ಛಾಯೆಯು ಮುಖದ ಒಳಗಣ ಉಬ್ಬುತಗ್ಗುಗಳನ್ನು ಬದಲಾಯಿಸಿದಂತೆ ತೋರಿಸಬಲ್ಲುದೇ ಹೊರತು ಮುಖದ ಹೊರರೇಖೆಯನ್ನು ಮುಟ್ಟಲಾರದು. ಎದುರಿನಿಂದ ನೀಳವಾಗಿ ಕಂಡ ಮೂಗು, ನಟನು ಪಕ್ಕಕ್ಕೆ ತಿರುಗಿದೊಡನೆಯೇ ಮೊಂಡಾಗುತ್ತದೆ. ಹೊರರೇಖೆಯೇ ಬದಲಾಗಬೇಕಾದರೆ ಏನನ್ನಾದರೂ ಅಂಟಿಸಬೇಕು. ಇದನ್ನು ಬಹು ಚೆನ್ನಾಗಿ ಅರಿತಿದ್ದವರು ನಮ್ಮ ಕರಾವಳಿಯ ಯಕ್ಷಗಾನ ಕಲಾವಿದರು. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು ಮತ್ತು ಸುಣ್ಣ ಸೇರಿಸಿದ ಹದವಾದ ಪಾಕದಿಂದ ಮುಖದ ಮೇಲೆ ಮುಳ್ಳುಮುಳ್ಳಾಗಿ ‘ಚುಟ್ಟಿ’ ಇಡುತ್ತಾರೆ. ಚೌಕಿಯಲ್ಲಿ ಕುಳಿತು ಗಂಟೆಗಟ್ಟಲೆ ಮಾಡುವ ಕೆಲಸವದು. ಚಂದ್ರಗಿರಿ ಅಂಬು, ಬಣ್ಣದ ಮಾಲಿಂಗ ಮೊದಲಾದವರು ಈ ವೇಷಗಳಿಂದಲೇ ಹೆಸರಾದವರು. ಯಕ್ಷಗಾನದಲ್ಲಿ ವೇಷಧಾರಿಯು ತನ್ನ ಮುಖವನ್ನು ತಾನೇ ಬರೆದುಕೊಳ್ಳುವುದು ವಾಡಿಕೆ. ಪ್ರತಿ ರಾತ್ರಿಯೂ ತನ್ನ ಮೂಳೆಗಳ ಮೇಲೆ ಬೆರಳಾಡಿಸುವ ಆತನಿಗೆ ಶರೀರಶಾಸ್ತ್ರದ ಪುಸ್ತಕ ಬೇಕಾಗಿರಲಿಲ್ಲ.

ಚುಟ್ಟಿಯ ಮುಳ್ಳುಗಳು ಅಷ್ಟು ದಪ್ಪವಾಗಿರುವುದಕ್ಕೂ ಕಾರಣವಿದೆ. ಒಳ್ಳೆಯ ಬೆಳಕಿನಲ್ಲಿ ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತ್ಯಂತ ಸಣ್ಣ ಕೋನ ಸುಮಾರು ಒಂದು ಮಿನಿಟು, ಎಂದರೆ ಒಂದು ಡಿಗ್ರಿಯ 60ನೆಯ ಒಂದು ಪಾಲು. 10 ಮೀಟರು ದೂರದಲ್ಲಿ ಇದು ಸುಮಾರು 3 ಮಿಲಿಮೀಟರಿಗೂ, 20 ಮೀಟರಿನಲ್ಲಿ ಸುಮಾರು 6 ಮಿಲಿಮೀಟರಿಗೂ ಸಮ. ಬಯಲಿನಲ್ಲಿ 30 ಮೀಟರು ಆಚೆ ಕುಳಿತವನಿಗೆ ಒಂದಕ್ಕೊಂದು 9 ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ಗೆರೆಗಳು ಕಲಸಿಹೋಗುತ್ತವೆ. ಜೆ. ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಕೊನೆಯ ಸಾಲೂ ರಂಗಕ್ಕೆ ಸಮೀಪ; ಬಯಲಾಟದ ಬಣ್ಣವನ್ನು ಅಲ್ಲಿಗೆ ತಂದರೆ ಮುಖವಾಡವಾದೀತು. ಅಲ್ಲಿ ಆಸನಗಳು ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಬಹುಮಂದಿ ನಟನ ಮುಖವನ್ನು ಮೇಲಿನಿಂದ ನೋಡುತ್ತಾರೆಂಬುದನ್ನೂ ಗಮನಿಸಬೇಕು. ಕನ್ನಡಿಯೂ ನಮ್ಮನ್ನು ಮೋಸಗೊಳಿಸುತ್ತದೆ. ಅರ್ಧ ಮೀಟರು ದೂರದ ಕನ್ನಡಿಯಲ್ಲಿ ನಮ್ಮ ಬಿಂಬವು ಒಂದು ಮೀಟರು ದೂರದಲ್ಲಿರುತ್ತದೆ. ಅಲ್ಲಿ ಮೂರನೆಯ ಒಂದು ಮಿಲಿಮೀಟರಿನ ಗೆರೆಯೂ ಸ್ಪಷ್ಟ. ಬಣ್ಣದ ಮನೆಯಲ್ಲಿ ಸೊಗಸಾಗಿ ಕಂಡದ್ದು ರಂಗದ ಮೇಲೆ ಮಾಯವಾಗುವುದು ಹೀಗೆ. ಪ್ರಸಾಧಕನು ತನ್ನ ಕೆಲಸವನ್ನು ಸಭಾಂಗಣದ ಕೊನೆಗೆ ಹೋಗಿ ಒಮ್ಮೆ ನೋಡಲೇಬೇಕು.

ಬೆಳಕಿನ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಂದೆ ಬಯಲಾಟ ನಡೆಯುತ್ತಿದ್ದುದು ಎಣ್ಣೆಯ ದೀವಟಿಗೆಗಳ ಬೆಳಕಿನಲ್ಲಿ. ಆ ಜ್ವಾಲೆಯಲ್ಲಿ ಕೆಂಪು ಹಳದಿಗಳು ಹೇರಳ, ನೀಲಿ ಅತ್ಯಲ್ಪ. ಅಲ್ಲಿ ಕೆಂಪು ಉರಿಯುವಂತೆ ಕಾಣುತ್ತದೆ, ನೀಲಿ ಕಪ್ಪಿಗೆ ತಿರುಗುತ್ತದೆ, ಹಳದಿಗೂ ಬಿಳಿಗೂ ಭೇದ ತೋರುವುದು ಕಷ್ಟ. ನಾಟ್ಯಶಾಸ್ತ್ರವು ಆಹಾರ್ಯಾಭಿನಯವನ್ನು ಹೇಳುವಾಗ ಬಿಳಿ, ನೀಲಿ, ಹಳದಿ, ಕೆಂಪು ಎಂದು ನಾಲ್ಕು ಮೂಲವರ್ಣಗಳನ್ನು ಗಣಿಸಿ, ಉಳಿದುವನ್ನು ಬೆರಕೆಯಿಂದ ಪಡೆಯಲು ಹೇಳುತ್ತದೆ. ಯಕ್ಷಗಾನದವರು ಇವಕ್ಕಾಗಿ ಇಂಗಳೀಕ, ಅರದಾಳ, ಸಫೇದ, ಕಾಡಿಗೆಗಳನ್ನು ಬಳಸುತ್ತ ಬಂದರು. ಇಂಗಳೀಕವು ಪಾದರಸ ಮತ್ತು ಗಂಧಕಗಳ ಸಂಯುಕ್ತ. ಅರದಾಳವು ಆರ್ಸೆನಿಕ್ ಮತ್ತು ಗಂಧಕಗಳದು. ಬಾಳೆಲ್ಲ ರಾತ್ರಿ ರಾತ್ರಿ ಇವುಗಳನ್ನು ಮುಖಕ್ಕೆ ಹಚ್ಚಿ, ಬೆವರಿ, ಬೆಳಗಾದ ಮೇಲೆ ತೊಳೆದುಕೊಂಡವರ ಕಲೆಗೆ ನಾವು ತಲೆಬಾಗಬೇಕು, ಆ ಬಣ್ಣಗಳನ್ನು ಮಾತ್ರ ಅನುಸರಿಸಬಾರದು. ಸೌಂದರ್ಯಸಾಮಗ್ರಿಗಳ ಬಣ್ಣಕ್ಕಾಗಿ ಸೀಸದ ಮತ್ತು ಆರ್ಸೆನಿಕ್ಕಿನ ಸಂಯುಕ್ತಗಳನ್ನು ಬಳಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಹೆಸರಿಲ್ಲದ ಡಬ್ಬಿಯ ಅಗ್ಗದ ಬಣ್ಣವನ್ನು ಗೆಳೆಯನ ಮುಖಕ್ಕೆ ಬಳಿಯುವ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಈಗ ರಂಗದಿಂದ ಛತ್ರಕ್ಕೆ ಬರೋಣ. ಇಂದಿನ ಪ್ರಸಾಧಕರಲ್ಲಿ ಹೆಚ್ಚು ಮಂದಿಗೆ ಅನ್ನ ಕೊಡುವುದು ಅದೇ. ಮದುವೆಯ ಕಾಲದಲ್ಲಿ ಜಯನಗರದ ಯಾವ ಛತ್ರಕ್ಕೆ ಹೋದರೂ ಮುಖವೊಂದು ಬಣ್ಣ, ಕುತ್ತಿಗೆ ಕೈಗಳೊಂದು ಬಣ್ಣವಾಗಿರುವ ವಧುವನ್ನು ಕಾಣಬಹುದು. ಕಪ್ಪು ಮೈಬಣ್ಣದ ಹುಡುಗಿಯನ್ನು ಬೆಳ್ಳಗೆ ಮಾಡಬೇಕೆಂಬ ಹಟ ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆ ಹಾಗಿರಲಿ. ಅದು ಕೆಟ್ಟದ್ದೆಂಬುದು ನಮ್ಮ ಅಭಿಪ್ರಾಯ. ಆದರೆ ಬೆಳಕಿನ ನಿಯಮವೇ ಅದಕ್ಕೆ ವಿರೋಧವಾಗಿದೆ. ಬಿಳಿಯ ಲೇಪಗಳಲ್ಲಿರುವುದು ಟೈಟೇನಿಯಮ್ ಡೈಆಕ್ಸೈಡಿನಂತಹ ಪುಡಿ. ಅದರ ತೆಳುವಾದ ಪದರವು ನೀಲಿಯ ಕಡೆಯ ಬೆಳಕನ್ನು ಹೆಚ್ಚಾಗಿ ಚದರಿಸುತ್ತದೆ. ಕೆಂಪಿನ ಕಡೆಯದನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ. ಕೆಳಗಿರುವ ತೊಗಲು ಕಪ್ಪಾಗಿದ್ದರೆ ಆ ಕೆಂಪು ಬಹುಮಟ್ಟಿಗೆ ಅಲ್ಲಿಯೇ ಹೀರಿಹೋಗುತ್ತದೆ, ಚದರಿದ ನೀಲಿ ಮಾತ್ರ ಕಣ್ಣಿಗೆ ಬರುತ್ತದೆ. ನೀರು ಬೆರೆತ ಹಾಲನ್ನು ಕಪ್ಪು ತಟ್ಟೆಯ ಮೇಲೆ ಚೆಲ್ಲಿದಾಗ ನೀಲಿಛಾಯೆ ಕಾಣುವುದು ಇದೇ ಕಾರಣದಿಂದ. ಹೀಗೆ ಬೆಳ್ಳಗಾಗಬೇಕಾಗಿದ್ದ ಮುಖ ಬೂದಿ ಬಳಿದಂತಾಗುತ್ತದೆ. ಕೆಂಪು ಕಡಮೆಯಾಗಿರುವ ಅಗ್ಗದ ಎಲ್‌ಇಡಿ ದೀಪಗಳ ಕೆಳಗೆ ಅದು ಇನ್ನಷ್ಟು ಸಪ್ಪೆ. ಛಾಯಾಗ್ರಾಹಕನ ಫ್ಲ್ಯಾಷು ಲೆನ್ಸಿನ ಪಕ್ಕದಿಂದಲೇ ಹೊರಟು ಅದೇ ದಾರಿಯಲ್ಲಿ ಹಿಂದಿರುಗುವುದರಿಂದ ನೆರಳುಗಳೆಲ್ಲ ಅಳಿಸಿ, ಮೂಗು ಕೆನ್ನೆಗಳ ಭೇದವಿಲ್ಲದ ಬಿಳಿಯ ಬಿಲ್ಲೆಯೊಂದು ಚಿತ್ರದಲ್ಲಿ ಮೂಡುತ್ತದೆ. ಹುಡುಗಿಯು ತನ್ನ ಮದುವೆಯ ಚಿತ್ರದಲ್ಲಿ ತಾನೇ ಗುರುತು ಸಿಗದಂತಾಗುವುದು ಸಣ್ಣ ನಷ್ಟವಲ್ಲ. ಅವಳ ಕುತ್ತಿಗೆಯ ಬಣ್ಣಕ್ಕೆ ಹಗಲ ಬೆಳಕಿನಲ್ಲಿ ಹೊಂದಿಸಿ, ಕಾವಿಯಂತಹ ಕಬ್ಬಿಣದ ಆಕ್ಸೈಡುಗಳಿರುವ ಲೇಪವನ್ನು ಆರಿಸಿ, ಅವಳದೇ ಕೆನ್ನೆಮೂಳೆಯನ್ನು ಛಾಯೆಯಿಂದ ಎತ್ತಿ ತೋರಿಸಿದರೆ ಆ ಮೈಬಣ್ಣದ ಚೆಲುವು ತಾನಾಗಿ ಹೊರಬೀಳುತ್ತದೆ.

ಸಿನೆಮದ ಕ್ಯಾಮರಾ ಎಲ್ಲಕ್ಕಿಂತ ನಿಷ್ಠುರವಾದುದು. ಮೊದಮೊದಲ ಕಪ್ಪುಬಿಳುಪು ಫಿಲ್ಮಿಗೆ ಕೆಂಪು ಬಣ್ಣವೇ ಕಾಣುತ್ತಿರಲಿಲ್ಲ. ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗುತ್ತಿತ್ತು. 1964ರ ‘ಅಮರಶಿಲ್ಪಿ ಜಕಣಾಚಾರಿ’ಯೊಡನೆ ಕನ್ನಡ ಚಿತ್ರಕ್ಕೆ ಪೂರ್ಣ ಬಣ್ಣ ಬಂದಾಗ ಕಪ್ಪುಬಿಳುಪಿನ ಲೆಕ್ಕಾಚಾರಗಳನ್ನು ಮತ್ತೆ ಹಾಕಬೇಕಾಯಿತು. ಈಚಿನ ನಿದರ್ಶನವೊಂದು ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು. ಬಿ. ಎಸ್. ಲಿಂಗದೇವರು ಅವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ವ್ಯಕ್ತಿಯ ಪಾತ್ರವನ್ನು ದಿವಂಗತ ಸಂಚಾರಿ ವಿಜಯ್ ವಹಿಸಿದ್ದರು. 2014ನೆಯ ವರ್ಷದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ಶ್ರೇಷ್ಠ ನಟನೆಂದೂ, ಚಿತ್ರದ ಪ್ರಸಾಧಕರಾದ ನಾಗರಾಜು ಮತ್ತು ರಾಜು ಅವರಿಗೆ ಶ್ರೇಷ್ಠ ಪ್ರಸಾಧನಕ್ಕೆಂದೂ ಪ್ರಶಸ್ತಿ ದೊರೆಯಿತು. ಇಂತಹ ಪಾತ್ರದ ಕಷ್ಟವೆಲ್ಲ ಮೂಳೆಯದು. ಸಾಮಾನ್ಯವಾಗಿ ಗಂಡಸಿನ ಹುಬ್ಬಿನ ಏಣು ಮುಂದಕ್ಕೆ ಉಬ್ಬಿರುತ್ತದೆ, ಹಣೆ ಹಿಂದಕ್ಕೆ ವಾಲಿರುತ್ತದೆ, ದವಡೆಯ ಮೂಲೆಯೂ ಗಲ್ಲವೂ ಚೌಕವಾಗಿರುತ್ತವೆ. ಇವನ್ನು ಬಣ್ಣದಿಂದ ಹಿಂದಕ್ಕೆ ಸರಿಸಬೇಕು. ಅದೂ ಮುಖದಿಂದ ಒಂದು ಗೇಣು ದೂರಕ್ಕೆ ಬರುವ ಲೆನ್ಸಿನ ಮುಂದೆ, ಬಣ್ಣವಿದೆಯೆಂದೇ ತಿಳಿಯದಂತೆ.

ಇದನ್ನೆಲ್ಲ ಕಲಿಯಲು ಹೆಚ್ಚಿನ ಖರ್ಚಿಲ್ಲ. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು 1919ರಷ್ಟು ಹಿಂದೆಯೇ ಕಲಾಮಂದಿರವೆಂಬ ಚಿತ್ರಶಾಲೆಯನ್ನು ತೆರೆದರು. ಅವರ ಮಗ ಎ. ಎಸ್. ಮೂರ್ತಿಯವರು ಮುಂದೆ ನಟರನ್ನು ತಯಾರಿಸುವ ಕೆಲಸಕ್ಕೆ ಇಳಿದರು. ಚಿತ್ರವೂ ನಾಟಕವೂ ಒಂದೇ ಮನೆಯ ಮಕ್ಕಳೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಬುರುಡೆಯೋ ಅದರ ಪ್ಲಾಸ್ಟಿಕ್ ಮಾದರಿಯೋ ಇದ್ದರೆ ಅಧ್ಯಾಪಕರ ಅನುಮತಿ ಪಡೆದು, ಎದುರಿನಿಂದ, ಪಕ್ಕದಿಂದ, ಮುಕ್ಕಾಲು ಓರೆಯಿಂದ ಅದನ್ನು ಬರೆಯಿರಿ. ಟಾರ್ಚನ್ನು ಬೇರೆ ಬೇರೆ ಕಡೆಗಳಲ್ಲಿ ಹಿಡಿದು ನೆರಳು ಎಲ್ಲೆಲ್ಲಿ ಸರಿಯುತ್ತದೆಂದು ಗುರುತಿಸಿರಿ. ಬಳಿಕ ಮನೆಯಲ್ಲಿ ಅಜ್ಜನ ಯೌವನದ ಚಿತ್ರವನ್ನೂ ಈಗಿನ ಚಿತ್ರವನ್ನೂ ಹುಡುಕಿ ತೆಗೆಯಿರಿ. ಎರಡೂ ನೇರವಾಗಿ ಎದುರಿನಿಂದ ತೆಗೆದವಾಗಿರಬೇಕು. ವಯಸ್ಸಿಗೆ ಬಂದ ಮೇಲೆ ಕಣ್ಣುಪಾಪೆಗಳ ನಡುವಣ ದೂರ ಬಹುಮಟ್ಟಿಗೆ ಬದಲಾಗುವುದಿಲ್ಲವಾದ್ದರಿಂದ ಅದನ್ನೇ ಅಳತೆಗೋಲಾಗಿ ಹಿಡಿದು ಎರಡು ಚಿತ್ರಗಳನ್ನೂ ಒಂದೇ ಗಾತ್ರಕ್ಕೆ ತನ್ನಿರಿ. ಒಂದರ ಮೇಲೆ ಟ್ರೇಸಿಂಗ್ ಕಾಗದವಿಟ್ಟು ಹುಬ್ಬು, ಮೂಗಿನ ತುದಿ, ಕಿವಿಯ ಕೊನೆ, ತುಟಿಯ ಕೊನೆ, ದವಡೆಯ ಅಂಚುಗಳನ್ನು ಗುರುತು ಹಾಕಿ, ಆ ಕಾಗದವನ್ನು ಇನ್ನೊಂದರ ಮೇಲಿಟ್ಟರೆ ಯಾವುದು ಎಷ್ಟು ಮಿಲಿಮೀಟರು ಕೆಳಗಿಳಿದಿದೆಯೆಂಬುದನ್ನು ಸ್ಕೇಲಿನಿಂದಲೇ ಅಳೆಯಬಹುದು.